ಅವ್ವನ ಪಂಚಮಿಗೆ ಎರಡು ಕಾರು

ನಮ್ಮಪ್ಪನ ಕಾರಿನಲ್ಲಿ ಕೂಡಬೇಕೆಂದರೆ ಮೊದಲು ಕಾಲು ತೊಳೆದುಕೊಳ್ಳಬೇಕಿತ್ತು. ಅದಕ್ಕೆಂದೇ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು, ಒಂದು ಹಳೆಯ ಟವೆಲ್ಲು ಸದಾ ಇರುತ್ತಿದ್ದವು. ಗುಡಿಗೆ ಹೋಗುವಾಗಲೂ ನಾವು ಅಷ್ಟು ಮಡಿ ಮಾಡಿದವರಲ್ಲ. ಕಾಲು ಒರೆಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಕೂತರೆ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ. ಕಾರಿನ ಜೊತೆ ಬಂದ ಆ ಹಾಳೆಯನ್ನು ತೆಗೆದ ದಿನದಿಂದ ಕಾರು ಹಳೆಯದಾಗುತ್ತದೆ ಎಂದು ಅಪ್ಪ ನಂಬಿದ್ದ. ಬೇಸಿಗೆಯಲ್ಲಿ ಬೆನ್ನು ಅದಕ್ಕೆ ಅಂಟಿಕೊಂಡು, ಇಳಿಯುವಾಗ ಚರ್ರೆಂದು ಕಿತ್ತುಕೊಂಡು ಬರುತ್ತಿತ್ತು. ಅವ್ವನಂತೂ ಇಳಿದ ಕೂಡಲೇ ಸೀರೆ ಜಾಡಿಸಿಕೊಂಡು, "ಹಂಚಿನ ಮ್ಯಾಗಿಂದ ಎದ್ದಂಗಾತು" ಅನ್ನುತ್ತಿದ್ದಳು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ಇಂಡಿಯಲ್ಲಿ ರೈತರ ಲಿಂಬೆಹಣ್ಣು ಮಾರಿಸಿಕೊಡುವ ಅಡತಿ ಅಂಗಡಿ. ಆಗ ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಅಪ್ಪ ಕಾದ. ನನ್ನ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ಅವನು ಅಷ್ಟು ಆತುರದಿಂದ ಕಾದಿರಲಿಲ್ಲ. ಕೊನೆಗೆ ಬಿಳಿ ಕಾರು ಬಂತು. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು ಇಟ್ಟು ಹಾಯಿಸಿದರೆ ಪೂಜೆ ಮುಗಿಯಿತು. ಆದರೆ ಲಿಂಬೆಹಣ್ಣಿನ ವ್ಯಾಪಾರಿಗೆ ನಾಲ್ಕು ಸಾಲುತ್ತವೆಯೇ? ಒಂದು ಬುಟ್ಟಿ ಹಣ್ಣು ಸಾಲಾಗಿ ಹಾಸಿಸಿದ. ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ ಚಕ್ರಕ್ಕೂ ಒಂದು ಹಣ್ಣು ಕೊಯ್ದು ಕುಂಕುಮ ಹಚ್ಚಿದ. ಓಣಿ ತುಂಬ ಹುಳಿ ವಾಸನೆ ಎರಡು ದಿನ ಇತ್ತು.

ಮನೆಯಿಂದ ಅಂಗಡಿಗೆ ಮುನ್ನೂರು ಹೆಜ್ಜೆ. ಅಷ್ಟು ದೂರಕ್ಕೂ ಅಪ್ಪ ಕಾರಿನಲ್ಲೇ ಹೋಗುತ್ತಿದ್ದ. ಮುಸುಕು ತೆಗೆದು, ಮಡಚಿ, ಗಾಜು ಒರೆಸಿ, ಎಂಜಿನ್ ಕಾಯಿಸಿ ಹೊರಡುವ ಹೊತ್ತಿಗೆ ಅವನ ಗುಮಾಸ್ತ ನಡೆದುಹೋಗಿ ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ, ಚಹಾ ಕುಡಿದು ಮುಗಿಸಿರುತ್ತಿದ್ದ. ಅಂಗಡಿಯ ಮುಂದೆ ಕಾರನ್ನು ಅಡ್ಡ ನಿಲ್ಲಿಸಿದರೆ ಅಂಗಡಿಯೇ ಕಾಣುತ್ತಿರಲಿಲ್ಲ. ಹಳ್ಳಿಯಿಂದ ಹಣ್ಣು ತಂದ ರೈತರು ಬಂಡಿ ಮುಂದಕ್ಕೆ ಹೊಡೆದುಕೊಂಡು ಹೋಗಿಬಿಡುತ್ತಿದ್ದರು. ಕಾರು ಮಾತಾಡುವುದಿಲ್ಲ ಅಂದವರು ಯಾರೋ ಗೊತ್ತಿಲ್ಲ. ನನ್ನ ಅನುಭವದಲ್ಲಿ ಅದು ಮಾಲೀಕನಿಗೆ ಬಾಯಿ ತೆಗೆಯಲೂ ಬಿಡುವುದಿಲ್ಲ, ಅವನ ಮಾತನ್ನೆಲ್ಲ ತಾನೇ ಆಡಿಬಿಡುತ್ತದೆ.

ಅಪ್ಪನ ಈ ಸುಖ ಒಂದೂವರೆ ವರ್ಷ ನಡೆಯಿತು. ಆಮೇಲೆ ನನ್ನ ಸೋದರಮಾವ, ಅಂದರೆ ಅವ್ವನ ಅಣ್ಣ, ಕಾರು ಕೊಂಡ.

ಮಾಮನದು ಮುದ್ದೇಬಿಹಾಳ. ಹೊಲ, ಹತ್ತಿ ವ್ಯಾಪಾರ ಎರಡೂ ಇದ್ದವು. ತಂಗಿಯ ಗಂಡನ ಮನೆಯ ಮುಂದೆ ಕಾರು ನಿಂತಿರುವಾಗ ತಾನು ಬಸ್ಸಿನಲ್ಲಿ ಇಳಿದು ಬರುವುದು ಅವನಿಗೆ ಊಟ ಸೇರದ ಸಂಕಟವಾಗಿತ್ತು. ಆಗ ಪೆಟ್ರೋಲಿನ ದರ ಏರಿ, ಪೆಟ್ರೋಲು ಕುಡಿಯುವ ಹಳೆಯ ವಿಲಾಯತಿ ಕಾರುಗಳನ್ನು ಇಟ್ಟುಕೊಂಡವರು ಯಾರಾದರೂ ತೊಗೊಂಡರೆ ಸಾಕು ಅನ್ನುತ್ತಿದ್ದ ಕಾಲ. ಮಾಮ ಸೊಲ್ಲಾಪುರಕ್ಕೆ ಹೋದವನು ಹಸಿರು ಬಣ್ಣದ, ಬಂಡಿಯಷ್ಟು ಉದ್ದದ ಒಂದು ಕಾರು ತಂದ. ಮೊದಲು ಅದು ಯಾವನೋ ನವಾಬನದಾಗಿತ್ತೆಂದು ಮಾರಿದವನು ಹೇಳಿದ್ದನಂತೆ. ಮುದ್ದೇಬಿಹಾಳ ತಲುಪುವುದರೊಳಗೆ ಆ ನವಾಬನಿಗೆ ಮೂವತ್ತು ಆನೆಗಳೂ ಹುಟ್ಟಿಕೊಂಡಿದ್ದವು.

ಆ ಕಾರಿನ ಸ್ಟೇರಿಂಗು ಎಡಕ್ಕಿತ್ತು. ಮಾಮನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಅದಕ್ಕೊಬ್ಬ ಡ್ರೈವರನನ್ನು ಇಟ್ಟಿದ್ದ. ಡ್ರೈವರ ಎಡಗಡೆ, ಮಾಮ ಬಲಗಡೆ. ನಮ್ಮ ಕಡೆಯ ಜನ ಕಾರು ನಡೆಸುವವನನ್ನು ಬಲಗಡೆ ನೋಡಿ ರೂಢಿ ಇದ್ದವರು. ಮಾಮ ಬಲಗಡೆ ಕೂತು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಬಂದರೆ ಕಾರು ತಾನಾಗಿಯೇ ಓಡುತ್ತಿದೆ ಎಂದು ಹಳ್ಳಿಯ ಮಂದಿ ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು. ಮಾಮನಿಗೆ ಇದು ಬಹಳ ಇಷ್ಟವಾಗಿತ್ತು. ಬಸವನ ಬಾಗೇವಾಡಿಯ ಗುಡಿಯಲ್ಲಿ ಕಾರಿಗೆ ಪೂಜೆ ಮಾಡಿಸಿದ ಮೇಲೆ ಆ ತಾಲ್ಲೂಕಿನ ನೆಂಟರ ಮನೆಗಳಿಗೆಲ್ಲ ಒಂದೊಂದು ಸುತ್ತು ಹಾಕಿದ, ಒಂದು ಮನೆಯಲ್ಲೂ ಇಳಿಯದೆ. ಇಳಿದರೆ ಎಲ್ಲರಂತೆ ಆಗಿಬಿಡುತ್ತೇನೆ ಎಂಬ ಭಯ ಇದ್ದಿರಬೇಕು.

ಸುದ್ದಿ ಇಂಡಿಗೆ ಬಂದಾಗ ಅಪ್ಪ ಊಟ ಮಾಡುತ್ತಿದ್ದ. ತುತ್ತು ಎತ್ತಿದವನು ಕೇಳಿದ: "ಹೊಸಾದೋ, ಹಳೇದೋ?"

"ಹಳೇದಂತ್ರಿ" ಅಂದಳು ಅವ್ವ.

ಅಪ್ಪ ಆ ತುತ್ತನ್ನು ನೆಮ್ಮದಿಯಿಂದ ನುಂಗಿದ.

"ಆದ್ರ ನಿಮ್ಮದಕ್ಕಿಂತ ಉದ್ದ ಐತಂತ್ರಿ."

ಮುಂದಿನ ತುತ್ತು ಗಂಟಲಲ್ಲಿ ಸಿಕ್ಕಿತು. ಅವ್ವ ನೀರು ಕೊಟ್ಟಳು. ಅವಳ ಮುಖದಲ್ಲಿ ನಗೆ ಇತ್ತೋ ಇಲ್ಲವೋ ನನಗೆ ಈಗಲೂ ಖಾತ್ರಿ ಇಲ್ಲ.

ಅವ್ವನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ವರ್ಷದ ಉಳಿದೆಲ್ಲ ದಿನ ಅವಳು ನಮ್ಮವಳು. ಪಂಚಮಿಯ ನಾಲ್ಕು ದಿನ ಮಾತ್ರ ತನ್ನವಳು. ನಮ್ಮ ಕಡೆ ಶ್ರಾವಣದ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಹೆಣ್ಣು ತಾನಾಗಿ ಹೋಗುವಂತಿಲ್ಲ, ಗಂಡ ಕರೆದೊಯ್ದು ಬಿಡುವಂತೆಯೂ ಇಲ್ಲ. ಅಣ್ಣ ಬರಬೇಕು. ಮೂರು ವರ್ಷದಿಂದ ಅವ್ವನಿಗೆ ಹೋಗಲು ಆಗಿರಲಿಲ್ಲ. ಒಂದು ವರ್ಷ ಅಜ್ಜಿಯ ಕಾಲು ಮುರಿಯಿತು, ಒಂದು ವರ್ಷ ನನಗೆ ಟೈಫಾಯಿಡ್, ಇನ್ನೊಂದು ವರ್ಷ ಅಂಗಡಿಯ ಗದ್ದಲ. ತವರಿನ ಬಾವಿಯ ಪಕ್ಕದ ಬೇವಿನ ಗಿಡಕ್ಕೆ ಕಟ್ಟುವ ಜೋಕಾಲಿಯಲ್ಲಿ ಅವಳಷ್ಟು ಎತ್ತರ ಜೀಕುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲವಂತೆ. ಅದನ್ನು ಹೇಳುವಾಗ ಅವಳ ಕಾಲು ತಾನಾಗಿಯೇ ನೆಲ ಒದೆಯುತ್ತಿತ್ತು. ಆ ವರ್ಷ ಆಷಾಢದಲ್ಲೇ ಸೀರೆ ತೆಗೆದಿಟ್ಟಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ದೊಡ್ಡ ಡಬ್ಬಿ ತುಂಬಿದ್ದಳು. ಕಾಲೇಜಿನಿಂದ ರಜೆಗೆ ಬಂದಿದ್ದ ನಾನೂ ಜೊತೆಗೆ ಹೋಗುವುದೆಂದಾಗಿತ್ತು.

ಪಂಚಮಿಯ ಮೊದಲ ದಿನವಾದ ರೊಟ್ಟಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಾಮ ಬಂದ. ಹಾರ್ನು ಮೊದಲು ಬಂತು, ಕಾರಿನ ಮೂತಿ ಆಮೇಲೆ ಬಂತು, ಮಾಮ ಬಹಳ ಹೊತ್ತಿನ ಮೇಲೆ ಬಂದ. ನಮ್ಮ ಓಣಿಯಲ್ಲಿ ಎರಡು ಬಂಡಿ ಎದುರಾದರೆ ಒಂದು ಹಿಂದೆ ಸರಿಯಲೇಬೇಕು, ಅಷ್ಟು ಇಕ್ಕಟ್ಟು. ಹಸಿರು ಕಾರು ಎರಡೂ ಕಡೆಯ ಕಟ್ಟೆಗಳನ್ನು ಸವರಿಕೊಂಡು ಮನೆಯ ಮುಂದೆ ನಿಲ್ಲುವುದಕ್ಕೂ, ಸುದ್ದಿ ತಿಳಿದು ಅಂಗಡಿಯಿಂದ ಅಪ್ಪನ ಬಿಳಿ ಕಾರು ಓಣಿಯ ಇನ್ನೊಂದು ಕಡೆಯಿಂದ ನುಗ್ಗುವುದಕ್ಕೂ ಸರಿಯಾಯಿತು. ಎರಡೂ ಕಾರುಗಳು ನಮ್ಮ ಬಾಗಿಲ ಮುಂದೆ ಮೂತಿಗೆ ಮೂತಿ ಕೊಟ್ಟು ನಿಂತವು. ನಡುವೆ ಒಂದು ಗೇಣು ಜಾಗ.

"ಬರ್ರಿ ಬೀಗರ" ಅಂದ ಅಪ್ಪ, ಕಾರಿನಿಂದ ಇಳಿಯದೆ. "ಸ್ವಲ್ಪ ಗಾಡಿ ಹಿಂದಕ್ಕ ತಗೋರಿ, ನಾ ಮನಿ ಮುಂದ ಹಚ್ಚತೇನಿ."

"ನಾ ಯಾಕ ಹಿಂದಕ್ಕ ತಗೋಳ್ಳಿ?" ಮಾಮನೂ ಇಳಿಯಲಿಲ್ಲ. "ತಂಗೀನ್ನ ಕರಿಯಾಕ ಬಂದೇನಿ. ಕೂಡಿಸ್ಕೊಂಡು ಹಿಂಗ ಸೀದಾ ಮುಂದ ಹೋಗಾಂವ. ನೀವು ಹಿಂದಕ್ಕ ಸರೀರಿ."

ಅಪ್ಪ ನಕ್ಕ. ಅದು ಗಿರಾಕಿ ಕಡಿಮೆ ದರ ಕೇಳಿದಾಗ ನಗುವ ನಗೆ. "ಆಕಿ ನಿಮ್ಮ ಕಾರಿನ್ಯಾಗ ಯಾಕ ಬರ್ತಾಳ್ರಿ? ಮನ್ಯಾಗ ಹೊಸಾ ಕಾರ ಇಟ್ಕೊಂಡು ಹಳೇ ಕಾರಿನ್ಯಾಗ ಕಳಿಸಿದ್ರ ಇಂಡ್ಯಾಗ ಮಂದಿ ನನಗೇನಂತಾರು? ನಮ್ಮ ಕಾರಿನ್ಯಾಗ ಬರ್ತಾಳ. ನೀವೂ ಇದರಾಗ ಬರ್ರಿ. ಕಾಲಷ್ಟು ತೊಳಕೋರಿ."

ಕಾಲು ತೊಳೆದುಕೊಳ್ಳಿ ಅಂದದ್ದೇ ತಪ್ಪಾಯಿತು. ಮಾಮನ ಮೀಸೆ ನೆಟ್ಟಗಾಯಿತು. "ತಂಗೀನ್ನ ಕರಿಯಾಕ ಬಂದಾಂವ ಬೀಗರ ಕಾರಿನ್ಯಾಗ ಕುಂತು ಹೋದ್ರ ಮುದ್ದೇಬಿಹಾಳದಾಗ ನಾ ಹ್ಯಾಂಗ ಮಾರಿ ತೋರಿಸ್ಲಿ? ಇದು ನವಾಬನ ಕಾರ ಐತ್ರಿ!"

"ನವಾಬ ಯಾಕ ಮಾರಿದ್ನಂತ?"

ಓಣಿಯ ಮಂದಿ ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕೂತರು. ಹೆಂಗಸರು ಅಕ್ಕಿ ಮೊರ ತಂದರು. ಕೈಗೆ ಕೆಲಸವೂ ಆಯಿತು, ಕಣ್ಣಿಗೆ ನೋಟವೂ ಆಯಿತು. ಅಷ್ಟು ಮಂದಿ ನೆರೆದ ಮೇಲೆ ಇಬ್ಬರಿಗೂ ಹಿಂದೆ ಸರಿಯುವ ದಾರಿ ಮುಚ್ಚಿಹೋಯಿತು. ಶಾಸ್ತ್ರಗಳು ಹೊರಬಂದವು. ತವರಿಗೆ ಹೊರಟ ಹೆಣ್ಣುಮಗಳನ್ನು ಕರೆಯಲು ಬಂದ ಗಾಡಿ ಹಿಂದಕ್ಕೆ ಸರಿಯಬಾರದು, ಅಪಶಕುನ ಅಂದ ಮಾಮ. ಮನೆಯ ಯಜಮಾನನ ಗಾಡಿ ಬಾಗಿಲ ತನಕ ಬಂದು ಹಿಂದಕ್ಕೆ ಹೋದರೆ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆ ಅಂದ ಅಪ್ಪ. ಈ ಎರಡೂ ಶಾಸ್ತ್ರಗಳನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಎದುರು ಮನೆಯಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರಿದ್ದರು. ಓಣಿಯ ಜಗಳ ಬಿಡಿಸುವುದು ಅವರ ಪಿಂಚಣಿ ಕಾಲದ ಕೆಲಸ. ಅವರು ಕೋಲೂರಿಕೊಂಡು ಬಂದು ಎರಡು ಕಾರುಗಳ ಮೂತಿಯ ಪಕ್ಕ ನಿಂತರು. "ಹಿಂಗ ಮಾಡ್ರಿ. ಇಬ್ರೂ ಕೂಡೇ ಸರೀರಿ. ಇವ್ರು ಒಂದು ಮಾರು, ಅವ್ರು ಒಂದು ಮಾರು. ಯಾರಿಗೂ ಕಮ್ಮಿಲ್ಲ, ಜಾಸ್ತಿಲ್ಲ."

ಅಪ್ಪ ಯೋಚಿಸಿದ. "ಆಗಲಿ ಮಾಸ್ತರ."

ಮಾಮನೂ ಯೋಚಿಸಿದ. "ಆಗಂಗಿಲ್ರಿ. ನನ್ನ ಕಾರ ಉದ್ದ ಐತಿ. ಒಂದು ಮಾರು ಸರಿದ್ರ ಅವ್ರ ಕಾರ ಅರ್ಧ ಸರಿದಂಗ, ನನ್ನದು ಕಾಲ ಭಾಗ ಸರಿದಂಗ. ಲೆಕ್ಕ ಸಮಾ ಆಗಂಗಿಲ್ಲ."

"ಅದು ನಿಮಗ ಛಲೋನ ಆತಲ್ರೀ!" ಅಂದರು ಮಾಸ್ತರರು.

"ಛಲೋ ಆದ್ರೂ ಸಮಾ ಅಲ್ಲ. ನಾಳೆ ಮಂದಿ, ಬೀಗರಿಂದ ಹೆಚ್ಚಿಗಿ ತಗೊಂಡ ಅಂತಾರು."

ಮಾಸ್ತರರು ಮೂವತ್ತು ವರ್ಷ ಗಣಿತ ಕಲಿಸಿದವರು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

ಬೆಳಗಿನ ಒಂಬತ್ತಕ್ಕೆ ಶುರುವಾದದ್ದು ಹನ್ನೊಂದಾಯಿತು. ಇಬ್ಬರೂ ಗಾಜು ಏರಿಸಿಕೊಂಡು ತಮ್ಮ ತಮ್ಮ ಕಾರಿನಲ್ಲಿ ಕೂತಿದ್ದರು. ಇಳಿದರೆ ಸೋತಂತೆ. ನಡುವೆ ಒಮ್ಮೆ ಮಳೆ ಬಂತು. ಕಟ್ಟೆಯ ಮಂದಿ ಒಳಗೆ ಹೋಗಿ, ಮಳೆ ನಿಂತ ಮೇಲೆ ಮತ್ತೆ ಬಂದು ತಮ್ಮ ತಮ್ಮ ಜಾಗದಲ್ಲೇ ಕೂತರು. ಅವ್ವ ಹೊಸ್ತಿಲಲ್ಲಿ ನಿಂತು ಒಮ್ಮೆ ಅಣ್ಣನಿಗೆ, ಒಮ್ಮೆ ಗಂಡನಿಗೆ ಕೈಮುಗಿದಳು. "ಅಣ್ಣಾ, ಯಾವದರ ಒಂದರಾಗ ಹೋಗೂಣು ಬಾರೋ" ಅಂದಳು. "ಏನ್ರಿ, ಹೊತ್ತಾಗಾಕತ್ತೈತಿ, ಹಳ್ಳ ತುಂಬಿದ್ರ ದಾರಿ ಕಟ್ಟಾಗತೈತ್ರಿ" ಅಂದಳು. ಇಬ್ಬರೂ ಒಂದೇ ಉತ್ತರ ಕೊಟ್ಟರು: "ನೀ ಸುಮ್ನಿರು, ಇದು ನಿನಗ ತಿಳಿಯಂಗಿಲ್ಲ."

ಆ ದಿನ ಇಬ್ಬರೂ ಒಪ್ಪಿಕೊಂಡ ಮಾತು ಇದೊಂದೇ. ನನಗೆ ಮೈ ಉರಿಯಿತು. ಯಾರ ಹಬ್ಬಕ್ಕೆಂದು ಬಂದಿದ್ದರೋ ಅವಳಿಗೇ ತಿಳಿಯುವುದಿಲ್ಲವಂತೆ!

ಅವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ತಾಟು ಹಚ್ಚಿ ನನ್ನ ಕೈಗೆ ಕೊಟ್ಟಳು. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. "ಎರಡೂ ಕೂಡೇ ಕೊಡು. ಒಬ್ಬರಿಗೆ ಮೊದಲ ಕೊಟ್ಟಿ ಅಂದ್ರ ಅದಕ್ಕೂ ಜಗಳ ತಗೀತಾರ." ನಾನು ಎರಡು ಕಾರುಗಳ ಮೂತಿಯ ಹತ್ತಿರ ನಿಂತು, ಎರಡೂ ಕೈ ಚಾಚಿ, ಬಲಕ್ಕೊಂದು ಎಡಕ್ಕೊಂದು ಕಿಟಕಿಯಲ್ಲಿ ತಾಟು ಕೊಡಲು ಹೋಗಿ ನನ್ನ ಕೈ ಸಾಲದೆ, ಪಕ್ಕದ ಮನೆಯ ಕಾಕಿಯನ್ನು ಕರೆದು ಒಂದು ತಾಟು ಕೊಟ್ಟೆ. "ಒಂದು, ಎರಡು, ಮೂರು" ಅಂದು ಇಬ್ಬರೂ ಕೂಡಿಯೇ ಒಳಗೆ ಬಿಟ್ಟೆವು. ಅಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ಪೇಪರು ಹಾಸಿ ತಾಟು ಇಟ್ಟುಕೊಂಡ. ಮಾಮ ನವಾಬನ ಸೀಟಿನ ಮೇಲೆಯೇ ಇಟ್ಟುಕೊಂಡ. ಬದನೆಕಾಯಿಯ ಎಣ್ಣೆ ಆ ಸೀಟಿನಿಂದ ಕೊನೆಯ ತನಕ ಹೋಗಲಿಲ್ಲ. ಪಾಪ, ಡ್ರೈವರ ಮಾತ್ರ ಇಳಿದು ನಮ್ಮ ಪಡಸಾಲೆಯಲ್ಲಿ ಕೂತು ಆರಾಮಾಗಿ ಎಂಟು ರೊಟ್ಟಿ ತಿಂದ.

ನಾನು ಒಳಗೆ ಬಂದಾಗ ಅವ್ವ ಊಟ ಮುಗಿಸಿ ಇಲಕಲ್ ಸೀರೆ ಉಟ್ಟು ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ.

"ಡಬ್ಬಿ ಹಿಡ್ಕೋ" ಅಂದಳು.

"ಯಾರ ಕಾರಿನ್ಯಾಗ ಅವ್ವಾ?"

"ಸರಕಾರದ್ದರಾಗ."

ಅಜ್ಜಿಗೆ ಹೇಳಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದೆವು. ಅಜ್ಜಿ ತಡೆಯಬಹುದೆಂದು ನಾನು ಹೆದರಿದ್ದೆ. ಸೊಸೆ ಅಣ್ಣನಿಲ್ಲದೆ ತವರಿಗೆ ಹೊರಟಿದ್ದಾಳಲ್ಲ. ಅಜ್ಜಿ ಅಂದದ್ದು ಇಷ್ಟು: "ಬಾಗಲಾ ಸಪ್ಪಳ ಮಾಡಬ್ಯಾಡ, ಆ ಹೋರಿಗೋಳು ಎದ್ದಾವು."

ಬಸ್ ಸ್ಟ್ಯಾಂಡಿನವರೆಗೆ ಅವ್ವ ಹಿಂತಿರುಗಿ ನೋಡಲಿಲ್ಲ. ಆದರೆ ಹಿತ್ತಲ ಕಡೆಯಿಂದ ಕಾಕಿ ನೋಡಿದ್ದಳು, ಕಾಕಿ ನೋಡಿದರೆ ಓಣಿ ನೋಡಿದಂತೆ. ಸಿಂದಗಿ ಬಸ್ಸು ಹತ್ತುವ ಹೊತ್ತಿಗೆ ಮಾಸ್ತರರೂ ಸೇರಿ ಇಡೀ ಓಣಿ ನಮ್ಮನ್ನು ಕಳಿಸಲು ಸ್ಟ್ಯಾಂಡಿನಲ್ಲಿತ್ತು. ಅವ್ವ ಕೆಸರುಗಾಲಿನಲ್ಲೇ ಬಸ್ಸು ಹತ್ತಿ ಕಿಟಕಿ ಹಿಡಿದು ಕೂತು, ತನ್ನ ಕಾಲನ್ನೇ ನೋಡಿಕೊಂಡು ನಕ್ಕಳು. ಮೂರು ವರ್ಷದಲ್ಲಿ ನಾನು ಕಂಡ ಮೊದಲ ಪೂರ್ತಿ ನಗೆ ಅದು.

ಅತ್ತ ಓಣಿಯಲ್ಲಿ ಏನಾಯಿತು? ಸುದ್ದಿ ಗೊತ್ತಾದಾಗ ಅಲ್ಲಿ ನೋಡುವವರು ಯಾರೂ ಉಳಿದಿರಲಿಲ್ಲ. ನೋಡುವವರಿಲ್ಲದ ಮೇಲೆ ಶಾಸ್ತ್ರ ಎಲ್ಲಿಯದು? ಯಾರೋ ಒಬ್ಬರು ಹಿಂದೆ ಸರಿದರು. ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. "ಅವ್ರ ಸರಿದ್ರು" ಅಂತ ಅಪ್ಪ, "ನಿಮ್ಮಪ್ಪನ ಸರಿದ" ಅಂತ ಮಾಮ. ಕಂಡವನು ಡ್ರೈವರನೊಬ್ಬನೇ. ನಾನು ಎಷ್ಟೋ ಸಲ ಕೇಳಿದ್ದೇನೆ. "ಇಬ್ರೂ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ್ರಿ ಅಕ್ಕಾರ" ಅನ್ನುತ್ತಿದ್ದ.

ಸಿಂದಗಿಯಲ್ಲಿ ತಾಳಿಕೋಟೆ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಿತ್ತು. ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಅವ್ವ ಕೂತಳು. ಅಪರಿಚಿತರ ನಡುವೆ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದಳು, ಎಂದೂ ಹಾಗೆ ಕೂತವಳಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಆ ಹಾರ್ನು. ಮೊದಲು ಹಸಿರು ಕಾರು, ಅದರ ಬಾಲ ಹಿಡಿದು ಬಿಳಿ ಕಾರು, ಸ್ಟ್ಯಾಂಡಿನ ಮುಂದೆಯೇ ಭರ್ರೆಂದು ಹಾದುಹೋದವು. ಮುಂಚಿನ ಬಸ್ಸಿನಲ್ಲಿ ನಾವು ಹೋಗಿಬಿಟ್ಟಿದ್ದೇವೆ ಅಂದುಕೊಂಡು ಬೆನ್ನಟ್ಟಿದ್ದರು. ನಾನು ಎದ್ದು ಕೈ ಬೀಸಲು ಹೋದೆ. ಅವ್ವ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಂಡು ನನ್ನ ಕೈ ಹಿಡಿದು ಕೂಡಿಸಿದಳು.

"ಚಹಾ ಆರತೈತಿ, ಕುಡಿ. ಅವ್ರು ಮುಂದ ಸಿಗ್ತಾರ."

ಸಿಕ್ಕರು. ತಾಳಿಕೋಟೆಗೆ ಇನ್ನೂ ದೂರವಿರುವಾಗ ಒಂದು ಹಳ್ಳದ ಹತ್ತಿರ ನಮ್ಮ ಬಸ್ಸು ನಿಂತಿತು. ಬೆಳಗಿನ ಮಳೆಗೆ ರಸ್ತೆಯ ಎರಡೂ ಮಗ್ಗುಲಿನ ಎರೆ ಹೊಲ ಹದವಾಗಿ ನೆನೆದಿತ್ತು. ನಮ್ಮ ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಲು ಇಟ್ಟರೆ ಚಪ್ಪಲಿ ಅದರದು, ಬರಿಗಾಲು ನಮ್ಮದು. ಹಳ್ಳದ ಇಳಿಜಾರಿನಲ್ಲಿ ಅಪ್ಪ ಮುಂದೆ ಹೋಗಲು ನೋಡಿದ್ದ, ಮಾಮ ಬಿಡಬೇಡ ಅಂದಿದ್ದ. ಪರಿಣಾಮ, ಹಸಿರು ಕಾರು ಎಡಗಡೆಯ ಹೊಲದಲ್ಲಿ, ಬಿಳಿ ಕಾರು ಬಲಗಡೆಯ ಹೊಲದಲ್ಲಿ, ಎರಡೂ ಹೊಟ್ಟೆಯ ತನಕ ಹೂತು ಕೂತಿದ್ದವು. ಮೂರು ಜನರಿಗೂ ಒಂದು ಗೀರಿನ ಗಾಯವೂ ಆಗಿರಲಿಲ್ಲ. ಬಿಳಿ ಕಾರು ಯಾವುದು, ಹಸಿರು ಯಾವುದು ಎಂದು ಮಾತ್ರ ಉದ್ದ ನೋಡಿಯೇ ಹೇಳಬೇಕಿತ್ತು.

ಅಪ್ಪ ತನ್ನ ಕಾರು ನೂಕಿ ಸೋತಿದ್ದ, ಮಾಮ ತನ್ನದನ್ನು ನೂಕಿ ಸೋತಿದ್ದ. ಆಮೇಲೆ ಇಬ್ಬರೂ ಕೂಡಿ ಮೊದಲು ಯಾರದನ್ನು ನೂಕಬೇಕು ಎಂದು ವಾದ ಹಾಕುತ್ತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇಲ್ಲಿ ಮೊದಲು ಮೀಸೆಯೇ ಮಣ್ಣಾಗಿತ್ತು.

ಬಸ್ಸಿನ ತುಂಬ ಪಂಚಮಿಗೆ ಹೊರಟ ಹೆಣ್ಣುಮಕ್ಕಳು, ಅವರನ್ನು ಕರೆದೊಯ್ಯುವ ಅಣ್ಣತಮ್ಮಂದಿರು. ಎಲ್ಲರೂ ಕಿಟಕಿಗೆ ಬಂದರು. "ಯಾರ ಕಾರೋ ಏನೋ, ಭಾಳ ದೊಡ್ಡ ಮಂದಿ ಇದ್ದಂಗದಾರ" ಅಂದಳು ನಮ್ಮ ಹಿಂದಿನ ಸೀಟಿನ ಹೆಂಗಸು.

"ಹೌದ್ರಿ, ಭಾಳ ದೊಡ್ಡ ಮಂದಿ" ಅಂದಳು ಅವ್ವ. ಆಮೇಲೆ ಕಂಡಕ್ಟರನನ್ನು ಕರೆದಳು. "ಅವ್ರಿಬ್ರನ್ನೂ ಹತ್ತಿಸ್ಕೋರಿ. ಮುದ್ದೇಬಿಹಾಳಕ್ಕ ಎರಡು ತಿಕೀಟ ಕೊಡ್ರಿ. ಒಬ್ಬಾಂವ ನಮ್ಮಣ್ಣ, ಒಬ್ಬರು ನಮ್ಮ ಮನಿಯವರು."

ಬಸ್ಸಿನಲ್ಲಿ ಎದ್ದ ನಗೆಗೆ ಹಳ್ಳದ ಕೊಕ್ಕರೆ ಹಾರಿಹೋದವು.

ಇಬ್ಬರೂ ಕಿಟಕಿಯಲ್ಲಿ ಅವ್ವನನ್ನು ಕಂಡರು. ಮಾಮ ಮೀಸೆಯ ಮಣ್ಣು ಒರೆಸಿಕೊಂಡ. ಅಪ್ಪ ಟವೆಲ್ಲು ಹುಡುಕಿದ; ಅದು ಕಾರಿನಲ್ಲಿತ್ತು, ಕಾರು ಮಣ್ಣಿನಲ್ಲಿತ್ತು. ಡ್ರೈವರನನ್ನು ಕಾವಲಿಗೆ ಬಿಟ್ಟು ಇಬ್ಬರೂ ಬಸ್ಸಿನ ಮೆಟ್ಟಿಲ ಹತ್ತಿರ ಬಂದು ನಿಂತರು. ಅಲ್ಲಿಯೂ ಒಂದು ತೊಡಕು. ಮೊದಲು ಯಾರು ಹತ್ತಬೇಕು?

"ಅಣ್ಣಾ, ನೀ ಹತ್ತು" ಅಂದಳು ಅವ್ವ. ಜೋರಾಗಿ ಹೇಳಲಿಲ್ಲ. ಮಾಮ ಹತ್ತಿದ. ಅಪ್ಪ ಹಿಂದೆ ಹತ್ತಿದ. ಬೆಳಗಿನಿಂದ ಮಾಸ್ತರರೂ ಸೇರಿ ಮೂರು ಮಂದಿ ದೊಡ್ಡವರು ಕೂಡಿ ಮಾಡಲಾಗದ ಕೆಲಸ ಅದು.

ಸೀಟು ಇರಲಿಲ್ಲ. ಇಬ್ಬರೂ ಕಂಬಿ ಹಿಡಿದು ಪಕ್ಕಪಕ್ಕ ನಿಂತರು. ಬಸ್ಸು ಕುಲುಕಿದಾಗೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಒಬ್ಬರ ಅಂಗಿಯ ಕೆಸರು ಇನ್ನೊಬ್ಬರಿಗೆ ಹತ್ತಿತು. ತಾಳಿಕೋಟೆ ದಾಟಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದ: "ನಿಮ್ಮದು ಲೀಟರಿಗೆ ಎಷ್ಟು ಕೊಡತೈತ್ರಿ?" ಮಾಮ ಅತ್ತಿತ್ತ ನೋಡಿ ಅಷ್ಟೇ ಮೆಲ್ಲಗೆ ಹೇಳಿದ: "ಕೇಳಬ್ಯಾಡ್ರಿ ಬೀಗರ. ತಿಂಗಳಿಗೊಮ್ಮಿ ಹೊರಗ ತಗೀತೇನಿ. ಉಳಿದ ದಿನ ಬಸ್ಸಿಗೇ ತಿರಗತೇನಿ." ಅಪ್ಪನ ಮುಖದಲ್ಲಿ ಗೆದ್ದ ಕಳೆ ಬರುತ್ತದೆಂದು ನಾನು ಕಾದೆ. ಬರಲಿಲ್ಲ. "ನನ್ನದೂ ಅಂಗಡಿಗೆ ಹೋಗಿ ಬರೂದು ಅಷ್ಟರಿ" ಅಂದ. ನನಗೆ ಆ ಕ್ಷಣ ಇಬ್ಬರ ಮೇಲೂ ಪ್ರೀತಿ ಬಂತು. ಅಲ್ಲಿಯ ತನಕ ಬಂದಿರಲಿಲ್ಲ.

ಮುದ್ದೇಬಿಹಾಳ ಮುಟ್ಟಿದಾಗ ಇನ್ನೂ ಬೆಳಕಿತ್ತು. ಬಾಗಿಲಲ್ಲಿ ಮಾಮನ ಹೆಂಡತಿ, ನನ್ನ ಅತ್ತೆ, ರೊಟ್ಟಿ ತುಂಡು, ನೀರು ಹಿಡಿದುಕೊಂಡು ನಿವಾಳಿಸಲು ನಿಂತಿದ್ದಳು. ಅವಳ ಕಿವಿ ಇನ್ನೂ ಹಾರ್ನಿನ ಕಡೆಗಿತ್ತು. ನಾವು ನಾಲ್ವರೂ ನಡೆದುಕೊಂಡು, ಅದರಲ್ಲಿ ಇಬ್ಬರು ಕೆಸರಿನಲ್ಲಿ ಅದ್ದಿ ತೆಗೆದಂತೆ ಬಂದದ್ದು ನೋಡಿ ನಿವಾಳಿಸುವುದನ್ನೇ ಮರೆತಳು. "ಕಾರ ಎಲ್ಲೈತ್ರಿ? ಕರಕೊಂಡು ಬರತೇನಿ ಅಂತ ಹೋದ್ರಿ, ಇದೇನಿದು?"

ಮಾಮ ಗಂಟಲು ಸರಿಮಾಡಿಕೊಂಡ. ಅವ್ವ ಅವನಿಗೆ ಬಿಡಲಿಲ್ಲ.

"ಅಂವ ಎಲ್ಲಿ ಕರಕೊಂಡು ಬಂದಾನ ವೈನಿ? ಈ ವರ್ಷ ನಾನ ಅಣ್ಣನ್ನ ತವರಿಗಿ ಕರಕೊಂಡು ಬಂದೇನಿ. ಮೊದಲ ಅವಂಗ ನಿವಾಳಸು."

ಮರುದಿನ ಹಳ್ಳದ ಹತ್ತಿರದ ಹಳ್ಳಿಯಿಂದ ಒಬ್ಬ ರೈತ ಎರಡು ಜೋಡಿ ಎತ್ತು ತಂದ. ಹಗ್ಗ ಕಟ್ಟುವ ಮುಂಚೆ ಎರಡೂ ಕಾರುಗಳನ್ನು ಸುತ್ತು ಹಾಕಿ ನೋಡಿದ. "ಮುಂದಕ್ಕ ಎಳದ್ರ ಇನ್ನೂ ಹುಗೀತಾವ್ರಿ. ಹಿಂದಕ್ಕ ಎಳೀಬೇಕು" ಅಂದ. ಇಬ್ಬರೂ ಮಾಲೀಕರು ಒಬ್ಬರ ಮುಖ ಒಬ್ಬರು ನೋಡಿದರು, ತಲೆ ಆಡಿಸಿದರು. ಹಬ್ಬದ ದಿನ, ರಸ್ತೆಯ ತುಂಬ ಮಂದಿ. ನವಾಬನ ಕಾರೂ, ಪ್ಲಾಸ್ಟಿಕ್ ಹಾಳೆಯ ಕಾರೂ ಎತ್ತುಗಳ ಹಿಂದೆ ಬಾಲ ಮುಂದಾಗಿ ರಸ್ತೆಗೆ ಬಂದವು. ಡ್ರೈವರ ಇದನ್ನು ಮಾತ್ರ ಎಷ್ಟು ಸಲ ಕೇಳಿದರೂ ಹೇಳುತ್ತಿದ್ದ. ಇದಕ್ಕೆ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲ.

ಆ ಹೊತ್ತಿಗೆ ಅವ್ವ ಬೇವಿನ ಗಿಡದ ಕೆಳಗೆ ಇದ್ದಳು. ಸೀರೆ ಕಚ್ಚೆ ಹಾಕಿಕೊಂಡು ಜೋಕಾಲಿಯ ಮಣೆಯ ಮೇಲೆ ನಿಂತಿದ್ದಳು. ಮೂರು ವರ್ಷದ ರೂಢಿ ತಪ್ಪಿದ್ದು ಮೊದಲ ನಾಲ್ಕು ಜೀಕಿಗೆ ಗೊತ್ತಾಯಿತು, ಐದನೆಯದಕ್ಕೆ ಗೊತ್ತಾಗಲಿಲ್ಲ. ಮೇಲೆ ಹೋದಾಗ ಬಾವಿಯ ಆಚೆಯ ರಸ್ತೆ ಕಾಣುತ್ತದೆಂದು ಮೊದಲೆಲ್ಲ ಹೇಳುತ್ತಿದ್ದಳು. ಕಾರು ಬಂದವೇನು ನೋಡು ಎಂದು ಅತ್ತೆ ಕೆಳಗಿನಿಂದ ಕೂಗಿದಳು. ಅವ್ವ ಬೇರೆ ಕಡೆ ನೋಡುತ್ತಿದ್ದಳು.

ಮುಂದಿನ ಪಂಚಮಿಗೆ ಮಾಮ ಬಸ್ಸಿನಲ್ಲೇ ಬಂದ, ಆದರೆ ಜಗಳ ಮುಗಿದಿರಲಿಲ್ಲ, ಮಗ್ಗುಲು ಬದಲಿಸಿತ್ತು. "ಬೀಗರ, ಈ ಸಲ ನಿಮ್ಮ ಕಾರಿನ್ಯಾಗ ಕಳಸ್ರಿ, ನಾ ಕಾಲ ತೊಳಕೊಂಡ ಕೂಡ್ತೇನಿ" ಅಂದ ಮಾಮ. "ಛೇ ಛೇ, ನಿಮ್ಮ ಕಾರಿನ್ಯಾಗ ಹೋಗಲಿ, ತರಿಸ್ರಿ, ಒಂದು ದಿನ ತಡಾ ಆದ್ರ ಏನಾತು" ಅಂದ ಅಪ್ಪ. ಈಗ ಯಾರು ಹೆಚ್ಚು ಬಾಗುತ್ತಾರೆ ಎಂಬುದರಲ್ಲಿ ಪೈಪೋಟಿ. ಒಂಬತ್ತಾಯಿತು, ಹತ್ತಾಯಿತು. ಕಟ್ಟೆಯ ಮೇಲೆ ಹೆಂಗಸರು ಮೊರ ತಂದರು. ಮಾಸ್ತರರು ಕೋಲು ಹಿಡಿದು ಹೊಸ್ತಿಲಿಗೆ ಬಂದರು, ಕಲ್ಲಿನ ಕಡೆ ನೋಡಿ ವಾಪಸು ಹೋದರು.

ಅವ್ವ ಇಲಕಲ್ ಸೀರೆ ಉಟ್ಟು, ಚೀಲ ಹಿಡಿದು, ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಕಟ್ಟೆಯ ಮೇಲಿದ್ದ ತಂಬಿಗೆಯ ನೀರನ್ನು ತುಳಸಿಗೆ ಸುರಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಮರ್ಯಾದೆಯಿಂದ ಕೇಳಿದಳು:

"ಸಿಂದಗಿ ಬಸ್ ಎಷ್ಟಕ್ಕೈತ್ರಿ?"